ಪೆಟ್ಟಿಗೆ ಮಾರಬೇಕೋ, ಬಾಡಿಗೆ ಎತ್ತಬೇಕೋ?

ವಿಡಿಯೊ ಗೇಮ್ ಆಡಲು ಟಿ.ವಿ.ಗೆ ಜೋಡಿಸುವ ಎಕ್ಸ್‌ಬಾಕ್ಸ್ ಎಂಬ ಪೆಟ್ಟಿಗೆಯನ್ನು ಮೈಕ್ರೋಸಾಫ್ಟ್ ಕಂಪನಿ ಮಾರಲು ಶುರು ಮಾಡಿದ್ದು 2001ರಲ್ಲಿ. ಅದೇ ಕಂಪನಿ 2024ರ ಕೊನೆಯಲ್ಲಿ ಮೊಬೈಲು, ಲ್ಯಾಪ್‌ಟಾಪು, ಟಿ.ವಿ.ಗಳನ್ನೆಲ್ಲ ತೋರಿಸಿ ‘ಇದೂ ಎಕ್ಸ್‌ಬಾಕ್ಸೇ’ ಎಂದು ಜಾಹೀರಾತು ಕೊಟ್ಟಿತು. ನಮ್ಮ ಪೆಟ್ಟಿಗೆ ಕೊಳ್ಳದಿದ್ದರೂ ನಡೆಯುತ್ತದೆ ಎಂದು ಮಾರುವವನೇ ಹೇಳಿದಂತಾಯಿತು!

ಇದರ ಹಿಂದಿರುವುದು ಕ್ಲೌಡ್ ಗೇಮಿಂಗ್. ಆಟ ನಡೆಯುವುದು ದೂರದ ಡೇಟಾ ಸೆಂಟರಿನ ಯಂತ್ರದಲ್ಲಿ. ನೀವು ಒತ್ತಿದ ಬಟನ್ನಿನ ಸುದ್ದಿ ಅಲ್ಲಿಗೆ ಹೋಗುತ್ತದೆ, ಚಿತ್ರ ಇಲ್ಲಿಗೆ ಬರುತ್ತದೆ. ಸಿನಿಮಾ ನೋಡುವುದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ಸಿನಿಮಾ ನಿಮ್ಮ ಬೆರಳಿಗೆ ಕಾಯುವುದಿಲ್ಲ. ಆಟದಲ್ಲಿ ಸೆಕೆಂಡಿಗೆ 60 ಚಿತ್ರಗಳು ಓಡುತ್ತಿರುತ್ತವೆ. ಗಾಜಿನ ಎಳೆಯ ಕೇಬಲ್ಲಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುವುದರಿಂದ, ಸಾವಿರ ಕಿಲೋಮೀಟರ್ ದೂರ ಹೋಗಿ ಬರಲು ಸೆಕೆಂಡಿನ ನೂರನೇ ಒಂದು ಭಾಗ ಬೇಕು. ಅದರ ಮೇಲೆ ಮನೆಯ ವೈಫೈ, ಚಿತ್ರವನ್ನು ಕುಗ್ಗಿಸಿ ಹಿಗ್ಗಿಸುವ ಕೆಲಸ. ಚದುರಂಗಕ್ಕೆ ತೊಂದರೆಯಿಲ್ಲ. ಕ್ರಿಕೆಟ್ ಆಟದಲ್ಲಿ ಮಾತ್ರ ಚೆಂಡು ಹೋದ ಮೇಲೆ ಬ್ಯಾಟು ಬೀಸಿದ ಹಾಗಾದೀತು.

ಆದರೂ ಕಂಪನಿಗೆ ಈ ಹುಚ್ಚು ಯಾಕೆ? 2021ರಲ್ಲಿ ಎಪಿಕ್ ಮತ್ತು ಆ್ಯಪಲ್ ಕಂಪನಿಗಳ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಿದ ಮೈಕ್ರೋಸಾಫ್ಟಿನ ಅಧಿಕಾರಿಯೊಬ್ಬರು, ಪೆಟ್ಟಿಗೆಯ ಮಾರಾಟದಲ್ಲಿ ತಮಗೆ ಎಂದೂ ಲಾಭ ಬಂದಿಲ್ಲ ಎಂದರು. ಲಾಭವೆಲ್ಲ ಆಟಗಳ ಮಾರಾಟದ ಕಮಿಷನ್ನಿನಿಂದ. ಹಾಗಿದ್ದರೆ ನಷ್ಟದ ಪೆಟ್ಟಿಗೆ ಬಿಟ್ಟು ಕೋಟಿಗಟ್ಟಲೆ ಜನರಿಂದ ತಿಂಗಳ ಚಂದಾ ಎತ್ತಬಾರದೇಕೆ ಎಂಬುದು ಅವರ ಲೆಕ್ಕ.

ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಡ್ಜರು ಬರೆದ ನನಗೆ ಈ ಲೆಕ್ಕದ ಎದುರು ಪುಟ ಕಾಣುತ್ತದೆ. ಪೆಟ್ಟಿಗೆ ಮಾರಿದಾಗ ಯಂತ್ರದ ಬಂಡವಾಳದ ಬಹುಪಾಲು ಹಾಕುವವನು ಗಿರಾಕಿ. ಕರೆಂಟು ಬಿಲ್ಲು, ರಿಪೇರಿ, ಸವಕಳಿ ಎಲ್ಲ ಅವನದೇ. ಕ್ಲೌಡಿನಲ್ಲಿ ಅಷ್ಟೂ ಕಂಪನಿಯ ತಲೆಗೆ. ಮಕ್ಕಳೆಲ್ಲ ಆಡಲು ಕೂರುವುದು ಸಂಜೆಯೇ; ಆ ಹೊತ್ತಿನ ನೂಕುನುಗ್ಗಲಿಗೆ ತಕ್ಕಷ್ಟು ಯಂತ್ರ ಇಡಬೇಕು, ಬೆಳಿಗ್ಗೆ ಹತ್ತಕ್ಕೆ ಅವು ಸುಮ್ಮನೆ ಕೂತಿರುತ್ತವೆ. ಪಿಂಚಣಿ ಬರುವ ದಿನ ಎಷ್ಟು ಕೌಂಟರ್ ತೆರೆದರೂ ನಮಗೆ ಸಾಲುತ್ತಿರಲಿಲ್ಲ, ಹದಿನೈದನೇ ತಾರೀಕಿಗೆ ನೊಣ ಹೊಡೆಯಬೇಕಿತ್ತು! ಇನ್ನೊಂದು ತೊಡಕು: ಚಂದಾ ಒಂದೇ, ಆಟ ತಿಂಗಳಿಗೆ ಒಂದು ಗಂಟೆಯೋ ನೂರು ಗಂಟೆಯೋ. ಹೆಚ್ಚು ಪ್ರೀತಿಯಿಂದ ಆಡುವವನೇ ಹೆಚ್ಚು ಖರ್ಚಿನ ಗಿರಾಕಿ.

ಗೂಗಲ್‌ನಂಥ ಗೂಗಲ್ಲೇ ಇದರಲ್ಲಿ ಸೋತಿದೆ. 2019ರ ನವೆಂಬರಿನಲ್ಲಿ ಸ್ಟೇಡಿಯಾ ಶುರು, 2023ರ ಜನವರಿ 18ಕ್ಕೆ ಮುಚ್ಚಿತು. ಅವರಿಗೆ ಯಂತ್ರಕ್ಕೆ ಕೊರತೆಯೇ, ಕೇಬಲ್ಲಿಗೆ ಕೊರತೆಯೇ? ಪೂರ್ತಿ ದುಡ್ಡು ಕೊಟ್ಟು ಕೊಂಡ ಆಟ ಬೇರೆಯವರ ಮನೆಯಲ್ಲೇ ಇರುತ್ತದೆ ಎಂದರೆ ಜನ ನಂಬಲಿಲ್ಲ. ಆಟಗಳ ದುಡ್ಡನ್ನು ಗೂಗಲ್ ಹಿಂದಿರುಗಿಸಿತು, ಮೆಚ್ಚಬೇಕು.

ಜಪಾನಿನ ನಿಂಟೆಂಡೊ ಹಳೆಯ ದಾರಿಯನ್ನೇ ಹಿಡಿದಿದೆ. 2017ರಲ್ಲಿ ಬಂದ ಅದರ ಸ್ವಿಚ್ ಶಕ್ತಿಯಲ್ಲಿ ಎದುರಾಳಿಗಳಿಗಿಂತ ಕಡಿಮೆಯೇ. ಆದರೆ ಹೊಸ ಮಾರಿಯೊ, ಝೆಲ್ಡಾ ಆಟ ಬೇಕೆಂದರೆ ಅವರ ಪೆಟ್ಟಿಗೆಯೇ ಬೇಕು. 15 ಕೋಟಿಗೂ ಮೀರಿ ಮಾರಿದ್ದಾರೆ. ಕಾರ್ಟ್ರಿಜ್ ಆಗಿದ್ದರೆ ಆಡಿ ಮುಗಿಸಿದ ಅಣ್ಣ ಅದನ್ನು ತಮ್ಮನಿಗೆ ಕೊಡಬಹುದು, ಗೆಳೆಯನಿಗೆ ಸಾಲ ಕೊಡಬಹುದು. ಈ ಸುಖ ಚಂದಾದಲ್ಲಿಲ್ಲ.

ಚಂದಾವನ್ನು ನಾನು ಪೂರ್ತಿ ಹಳಿಯುವುದಿಲ್ಲ. 2020ರಲ್ಲಿ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಬಂದಾಗ ನಮ್ಮಲ್ಲಿ ಬೆಲೆ 49,990 ರೂಪಾಯಿ. ಅಷ್ಟನ್ನು ಒಮ್ಮೆಗೇ ಎಣಿಸಲಾಗದ ಮನೆಯ ಮಗುವಿಗೂ ಆಡುವ ಆಸೆ ಇರುತ್ತದಲ್ಲ. ಆದರೆ ಅಭ್ಯಾಸ ಹತ್ತಿದ ಮೇಲೆ? ಕ್ಲೌಡ್ ಸೇರಿದ ಗೇಮ್ ಪಾಸ್ ಅಲ್ಟಿಮೇಟ್ ಚಂದಾ ಅಮೆರಿಕದಲ್ಲಿ 2025ರ ಅಕ್ಟೋಬರಿನಲ್ಲಿ ತಿಂಗಳಿಗೆ 20 ಡಾಲರಿನಿಂದ 30ಕ್ಕೆ ಹಾರಿತು. ಆ ದರದಲ್ಲಿ ಹದಿನೇಳು ತಿಂಗಳು ಕಟ್ಟಿದರೆ 510 ಡಾಲರ್; ಅಲ್ಲಿ 2020ರಲ್ಲಿ ಪೆಟ್ಟಿಗೆಯ ಬೆಲೆಯೇ 499. ಚಂದಾದಲ್ಲಿ ನೂರಾರು ಆಟ ಸಿಗುತ್ತವೆ, ನಿಜ. ಕಟ್ಟುವುದು ನಿಲ್ಲಿಸಿದ ದಿನ ಅದರಲ್ಲಿ ಒಂದೂ ಉಳಿಯದು.

ಪೆಟ್ಟಿಗೆ ಇದ್ದವರಿಗೆ ಪ್ರಯಾಣದಲ್ಲಿ ಆಟ ಮುಂದುವರಿಸಲು, ಕೊಳ್ಳುವ ಮುಂಚೆ ರುಚಿ ನೋಡಲು ಕ್ಲೌಡ್ ಇರಲಿ. ಅದನ್ನು ನಂಬಿ ಪೆಟ್ಟಿಗೆಯನ್ನೇ ಕೈಬಿಡುವುದು ನನಗೆ ಸರಿಕಾಣದು. ಕೋಟ್ಯಂತರ ಜನರ ಕೈಯಲ್ಲಿರುವುದು ಮೊಬೈಲು ತಾನೆ? ಸೆಕೆಂಡಿಗೆ 10 ಮೆಗಾಬಿಟ್ ಬೇಡುವ ಆಟ ಗಂಟೆಗೆ ನಾಲ್ಕೂವರೆ ಜಿ.ಬಿ. ನುಂಗುತ್ತದೆ. ದಿನಕ್ಕೆ 2 ಜಿ.ಬಿ.ಯ ಪ್ಯಾಕ್ ಹಾಕಿಸಿಕೊಂಡವನ ಆಟ ಅರ್ಧ ಗಂಟೆ ತುಂಬುವುದರೊಳಗೆ ನಿಂತುಹೋಗುತ್ತದೆ.