ನೆತ್ತರಿನ ಪ್ರದಕ್ಷಿಣೆ

ವೈದ್ಯನು ರೋಗಿಯ ಮುಂಗೈಯನ್ನು ಹಿಡಿದು, ಗಡಿಯಾರದತ್ತ ದೃಷ್ಟಿಯಿಟ್ಟು ನಾಡಿಯನ್ನು ಎಣಿಸುವ ದೃಶ್ಯ ಎಲ್ಲ ಮನೆಗಳಿಗೂ ಪರಿಚಿತವಾದುದು. ಹೆಬ್ಬೆರಳಿನ ಬುಡದಲ್ಲಿ ಮಿಡಿಯುವ ಆ ತುಡಿತವು ಎದೆಯೊಳಗಿನ ಹೃದಯದ ಬಡಿತದಿಂದಲೇ ಹುಟ್ಟಿದುದೆಂದು ಇಂದು ಶಾಲೆಯ ಮಗುವೂ ಬಲ್ಲದು. ಹೃದಯದಿಂದ ಹೊರಟ ರಕ್ತವು ಮೈಯೆಲ್ಲವನ್ನೂ ಸುತ್ತಿ ಮರಳಿ ಹೃದಯಕ್ಕೇ ಬಂದು ಸೇರುತ್ತದೆಂಬ ಮಾತಂತೂ ಸವೆದ ನಾಣ್ಯದಂತಾಗಿದೆ. ಆದರೆ ಈ ಒಂದು ಮಾತನ್ನು ನಿಸ್ಸಂದೇಹವಾಗಿ ಆಡುವ ಸ್ಥಿತಿಗೆ ಬರಲು ಮಾನವನಿಗೆ ಹಿಡಿದ ಕಾಲ ಅಲ್ಪವಲ್ಲ. ಅದಕ್ಕೆ ಅಡ್ಡವಾಗಿ ನಿಂತಿದ್ದುದು ಅಜ್ಞಾನಕ್ಕಿಂತ ಹೆಚ್ಚಾಗಿ ಒಬ್ಬ ಮಹಾಪಂಡಿತನ ಕೀರ್ತಿ.

ಆ ಪಂಡಿತನ ಹೆಸರು ಗೇಲನ್. ಕ್ರಿ. ಶ. 129ರ ಸುಮಾರಿನಲ್ಲಿ ಪೆರ್ಗಮಮ್ ನಗರದಲ್ಲಿ ಹುಟ್ಟಿದ ಈ ಗ್ರೀಕ್ ವೈದ್ಯನು ಮೊದಲು ಅಖಾಡದ ಕತ್ತಿಮಲ್ಲರ ಗಾಯಗಳಿಗೆ ಚಿಕಿತ್ಸೆ ಮಾಡುತ್ತಿದ್ದು, ಅನಂತರ ರೋಮಿಗೆ ಬಂದು ಚಕ್ರವರ್ತಿ ಮಾರ್ಕಸ್ ಅರೇಲಿಯಸನ ವೈದ್ಯನಾದನು. ಮಾನವ ಶವವನ್ನು ಕೊಯ್ದು ನೋಡುವುದಕ್ಕೆ ಅಲ್ಲಿ ಅವಕಾಶವಿರಲಿಲ್ಲ. ಆದ್ದರಿಂದ ಅವನು ಕೋತಿಗಳನ್ನೂ ಹಂದಿಗಳನ್ನೂ ಕೊಯ್ದು ನೋಡಿದನು. ಅವನಿಗಿಂತ ಹಿಂದಿನವರು ಅಪಧಮನಿಗಳಲ್ಲಿ ಗಾಳಿ ಇದೆಯೆಂದು ನಂಬಿದ್ದರು. ಅಲ್ಲಿರುವುದು ರಕ್ತವೇ ಎಂದು ತೋರಿಸಿಕೊಟ್ಟವನು ಗೇಲನ್. ಇಷ್ಟು ಮಟ್ಟಿಗೆ ಅವನು ನಿಜವಾಗಿಯೂ ದೊಡ್ಡವನು.

ಆದರೆ ರಕ್ತದ ಹಾದಿಯನ್ನು ಹೇಳುವಲ್ಲಿ ಅವನು ಎಡವಿದನು. ತಿಂದ ಅನ್ನವು ಯಕೃತ್ತಿನಲ್ಲಿ ರಕ್ತವಾಗುತ್ತದೆ. ಅಲ್ಲಿಂದ ಅದು ಅಭಿಧಮನಿಗಳ ಮೂಲಕ ಅಂಗಾಂಗಗಳಿಗೆ ಹರಿದು, ಕಾಲುವೆಯಿಂದ ಗದ್ದೆಗೆ ಹಾಯಿಸಿದ ನೀರು ನೆಲದಲ್ಲಿ ಇಂಗಿಹೋಗುವಂತೆ, ಅಲ್ಲಲ್ಲಿಯೇ ವೆಚ್ಚವಾಗಿ ಹೋಗುತ್ತದೆ. ಮರುದಿನದ ಊಟದಿಂದ ಹೊಸ ರಕ್ತ ಹುಟ್ಟುತ್ತದೆ—ಇದು ಅವನ ಸಿದ್ಧಾಂತ. ಹೃದಯವು ಅವನ ದೃಷ್ಟಿಯಲ್ಲಿ ರಕ್ತವನ್ನು ನೂಕುವ ಯಂತ್ರವಲ್ಲ, ದೇಹದ ಶಾಖವನ್ನು ಕಾಯ್ದುಕೊಳ್ಳುವ ಒಲೆ. ಶ್ವಾಸಕೋಶಗಳು ಆ ಒಲೆಯನ್ನು ತಣಿಸುವ ಬೀಸಣಿಗೆಗಳು. ಹೃದಯದ ಬಲಭಾಗದಿಂದ ಎಡಭಾಗಕ್ಕೆ ಒಂದಿಷ್ಟು ರಕ್ತ ಹೋಗಬೇಕಾಗಿತ್ತಷ್ಟೆ. ಅದಕ್ಕಾಗಿ ಎರಡರ ನಡುವಣ ದಪ್ಪ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆಯೆಂದು ಅವನು ಊಹಿಸಿದನು. ಕಾಣದ ರಂಧ್ರಗಳನ್ನು ಇಲ್ಲವೆಂದು ಸಾಧಿಸುವುದು ಎಷ್ಟು ಕಷ್ಟವೆಂಬುದನ್ನು ಮುಂದಿನ ಶತಮಾನಗಳ ಚರಿತ್ರೆ ಹೇಳುತ್ತದೆ.

ಇಲ್ಲವೆಂದು ಮೊದಲು ಸ್ಪಷ್ಟವಾಗಿ ಹೇಳಿದವನು ಯೂರೋಪಿನವನಲ್ಲ. ಡಮಾಸ್ಕಸಿನಲ್ಲಿ ಕಲಿತು ಕೈರೋದಲ್ಲಿ ವೈದ್ಯನಾಗಿದ್ದ ಇಬ್ನ್ ಅಲ್ ನಫೀಸ್, 1242ರಲ್ಲಿ ಬರೆದ ಒಂದು ವ್ಯಾಖ್ಯಾನದಲ್ಲಿ, ಹೃದಯದ ನಡುಗೋಡೆ ಗಟ್ಟಿಯಾದುದು, ಅದರಲ್ಲಿ ಯಾವ ದಾರಿಯೂ ಇಲ್ಲ, ಬಲಗಡೆಯ ರಕ್ತ ಶ್ವಾಸಕೋಶಗಳನ್ನು ಹಾದು ಗಾಳಿಯೊಡನೆ ಬೆರೆತೇ ಎಡಗಡೆಗೆ ಬರಬೇಕು ಎಂದು ವಾದಿಸಿದ್ದನು. ದುರ್ದೈವದಿಂದ ಆ ಬರಹ ಮರವೆಗೆ ಸಂದಿತು. 1924ರಲ್ಲಿ ಈಜಿಪ್ಟಿನ ಒಬ್ಬ ತರುಣ ವೈದ್ಯನು ಬರ್ಲಿನ್ನಿನ ಪುಸ್ತಕಭಂಡಾರದಲ್ಲಿ ಅದರ ಹಸ್ತಪ್ರತಿಯನ್ನು ಓದಿದ ಮೇಲೆಯೇ ಲೋಕಕ್ಕೆ ಅವನ ಹಿರಿಮೆ ತಿಳಿದದ್ದು.

ಯೂರೋಪಿನಲ್ಲಿ ಇದೇ ಮಾತನ್ನು ಅಚ್ಚು ಹಾಕಿಸಿದ ಮೈಕೇಲ್ ಸರ್ವೀಟಸನ ಕಥೆ ದಾರುಣವಾದುದು. ಅವನು ಅದನ್ನು ಬರೆದದ್ದು ವೈದ್ಯಗ್ರಂಥದಲ್ಲಲ್ಲ, 1553ರಲ್ಲಿ ಪ್ರಕಟಿಸಿದ ಒಂದು ಮತಗ್ರಂಥದಲ್ಲಿ. ಅದೇ ವರ್ಷದ ಅಕ್ಟೋಬರ್ 27ರಂದು ಜಿನೀವಾ ನಗರದಲ್ಲಿ ಅವನನ್ನು ಜೀವಸಹಿತ ಸುಟ್ಟರು. ಅವನು ವಿಜ್ಞಾನಕ್ಕಾಗಿ ಪ್ರಾಣ ತೆತ್ತನೆಂದು ಕೆಲವರು ಬರೆಯುವುದುಂಟು, ಅದು ಸರಿಯಲ್ಲ. ಅವನ ಮೇಲಿದ್ದ ಆರೋಪ ಕ್ರೈಸ್ತಮತದ ತ್ರಿತ್ವವನ್ನು ನಿರಾಕರಿಸಿದನೆಂಬುದು. ರಕ್ತದ ವಿಚಾರವನ್ನು ನ್ಯಾಯಾಧೀಶರಾರೂ ಎತ್ತಲಿಲ್ಲ. ಆದರೂ ಚಿತೆಯ ಪಾಲಾದ ಪುಸ್ತಕದೊಡನೆ ಆ ಪುಟಗಳೂ ಬೂದಿಯಾದುವು. ಇಂದು ಉಳಿದಿರುವುದು ಅದರ ಮೂರೇ ಪ್ರತಿಗಳು.

ಹಾರ್ವೆಯ ಲೆಕ್ಕ

ವಿಲಿಯಂ ಹಾರ್ವೆ ಹುಟ್ಟಿದುದು 1578ರಲ್ಲಿ, ಇಂಗ್ಲೆಂಡಿನ ಕಡಲತಡಿಯ ಫೋಕ್‌ಸ್ಟನ್ ಎಂಬ ಊರಿನಲ್ಲಿ. ಇಟಲಿಯ ಪಾದುವಾ ವಿಶ್ವವಿದ್ಯಾನಿಲಯದಲ್ಲಿ ಓದಿ 1602ರಲ್ಲಿ ವೈದ್ಯ ಪದವಿ ಪಡೆದನು. ಗೆಲಿಲಿಯೋ ಗಣಿತದ ಅಧ್ಯಾಪಕನಾಗಿದ್ದುದು ಅದೇ ವಿದ್ಯಾಲಯದಲ್ಲಿ, ಅದೇ ಕಾಲದಲ್ಲಿ. ಹಾರ್ವೆಯ ಗುರು ಫ್ಯಾಬ್ರೀಸಿಯಸ್ ಅಭಿಧಮನಿಗಳ ಒಳಗೆ ಸಣ್ಣ ಕವಾಟಗಳಿರುವುದನ್ನು ಕಂಡು ವರ್ಣಿಸಿದ್ದನು. ಆದರೆ ಅವು ರಕ್ತದ ರಭಸವನ್ನು ತಡೆಯುವುದಕ್ಕಾಗಿ ಇವೆಯೆಂದು ಬಗೆದು ಸುಮ್ಮನಾದನು. ಬಾಗಿಲನ್ನು ಕಂಡರೂ ಅದು ಯಾವ ಕಡೆಗೆ ತೆರೆಯುತ್ತದೆಂದು ಗುರು ಕೇಳಲಿಲ್ಲ; ಶಿಷ್ಯ ಕೇಳಿದನು.

ಲಂಡನ್ನಿಗೆ ಮರಳಿ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ವೈದ್ಯನಾದ ಹಾರ್ವೆ ಅನೇಕ ವರ್ಷ ಪ್ರಾಣಿಗಳ ಹೃದಯವನ್ನು ನೋಡುತ್ತ ಕಳೆದನು. ಮೊದಮೊದಲು ಅವನಿಗೆ ಏನೂ ತಿಳಿಯಲಿಲ್ಲ. ಬಿಸಿರಕ್ತದ ಪ್ರಾಣಿಯ ಹೃದಯ ಮಿಂಚಿನಂತೆ ಬಡಿಯುವಾಗ ಯಾವುದು ಸಂಕೋಚ, ಯಾವುದು ವಿಕಾಸ ಎಂದು ಹೇಳುವುದೇ ಅಸಾಧ್ಯವಾಯಿತು. ಇದರ ಮರ್ಮ ದೇವರಿಗೊಬ್ಬನಿಗೇ ಗೊತ್ತೆಂದು ಅವನಿಗೆ ಅನಿಸಿದ್ದೂ ಉಂಟು. ಆಗ ಅವನು ಕಪ್ಪೆ, ಹಾವು, ಮೀನುಗಳತ್ತ ತಿರುಗಿದನು. ತಣ್ಣೆತ್ತರಿನ ಈ ಜೀವಿಗಳ ಹೃದಯ ನಿಧಾನವಾಗಿ ಬಡಿಯುತ್ತದೆ. ಹೃದಯವು ಗಟ್ಟಿಯಾಗಿ ಮುದುಡಿದಾಗಲೇ ರಕ್ತ ಹೊರಕ್ಕೆ ಚಿಮ್ಮುತ್ತದೆ, ಆ ಕ್ಷಣದಲ್ಲಿಯೇ ಅಪಧಮನಿ ಉಬ್ಬುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಟ್ಟಿದಂತೆ ತೋರಿತು. ಹೃದಯ ಒಲೆಯಲ್ಲ, ಮಾಂಸಖಂಡ!

ಇನ್ನು ಉಳಿದದ್ದು ಲೆಕ್ಕ. ಒಂದು ಬಡಿತಕ್ಕೆ ಹೃದಯದಿಂದ ಹೊರಬೀಳುವ ರಕ್ತ ಎಷ್ಟು? ಹಾರ್ವೆ ಬೇಕೆಂದೇ ತೀರ ಕಡಿಮೆಯ ಅಂದಾಜುಗಳನ್ನು ಹಿಡಿದನು. ಅರ್ಧ ಔನ್ಸ್ ಎಂದೇ ಇಟ್ಟುಕೊಳ್ಳೋಣ. ಅರ್ಧ ಗಂಟೆಯಲ್ಲಿ ಹೃದಯ ಸಾವಿರ ಸಲವಾದರೂ ಬಡಿಯುತ್ತದೆ. ಆಗ ಹೊರಬಿದ್ದ ರಕ್ತ ಐನೂರು ಔನ್ಸ್, ಎಂದರೆ ಸುಮಾರು 15 ಕಿಲೋಗ್ರಾಂ. ಒಬ್ಬ ಮನುಷ್ಯನ ಮೈಯಲ್ಲಿ ಅಷ್ಟು ರಕ್ತವೇ ಇಲ್ಲ. ಅರ್ಧ ಗಂಟೆಯಲ್ಲಿ ಅಷ್ಟನ್ನು ಹುಟ್ಟಿಸಲು ಯಾವ ಊಟ ಸಾಕಾದೀತು? ಹೋದ ರಕ್ತವೇ ಮರಳಿ ಬರದೆ ಗತ್ಯಂತರವಿಲ್ಲ. ಗೇಲನ್ನನ ಗದ್ದೆ-ಕಾಲುವೆಗಳೆಲ್ಲ ಈ ಸರಳ ಗುಣಾಕಾರದಲ್ಲಿ ಕೊಚ್ಚಿಹೋದುವು.

ಲೆಕ್ಕದಲ್ಲಿ ನಂಬಿಕೆಯಿಲ್ಲದವರಿಗೆ ಅವನು ತೋಳನ್ನೇ ಸಾಕ್ಷಿಗೆ ಕರೆದನು. ವಾಚಕರೂ ಇದನ್ನು ಮಾಡಿ ನೋಡಬಹುದು. ಮೊಣಕೈಯ ಮೇಲ್ಗಡೆ ಬಟ್ಟೆಯೊಂದನ್ನು ಹದವಾಗಿ ಸ್ವಲ್ಪ ಹೊತ್ತು ಕಟ್ಟಿದರೆ ಮುಂಗೈಯ ನೀಲಿ ನರಗಳು ಉಬ್ಬುತ್ತವೆ. ಅಲ್ಲಲ್ಲಿ ಸಣ್ಣ ಗಂಟುಗಳು ಕಾಣಿಸುತ್ತವೆ. ಅವೇ ಕವಾಟಗಳಿರುವ ಸ್ಥಳ. ಒಂದು ನರವನ್ನು ಮಣಿಕಟ್ಟಿನ ಕಡೆ ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ರಕ್ತವನ್ನು ಮೇಲಿನ ಗಂಟಿನಾಚೆಗೆ ಸವರಿಬಿಟ್ಟರೆ ನಡುವಣ ಭಾಗ ಬರಿದಾಗುತ್ತದೆ. ಮೇಲಿನಿಂದ ರಕ್ತ ಇಳಿದು ಬರುವುದಿಲ್ಲ. ಕೆಳಗಿನ ಬೆರಳನ್ನು ಎತ್ತಿದೊಡನೆ ಅದು ತುಂಬಿಕೊಳ್ಳುತ್ತದೆ. ಬಾಗಿಲುಗಳೆಲ್ಲ ಹೃದಯದ ಕಡೆಗೇ ತೆರೆಯುತ್ತವೆ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವೇಕೆ?

1628ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಅಚ್ಚಾದ ಹಾರ್ವೆಯ ಲ್ಯಾಟಿನ್ ಗ್ರಂಥ ಕೇವಲ 72 ಪುಟಗಳದು. ಅದು ಹೊರಬಂದ ಮೇಲೆ ಜನ ಅವನನ್ನು ತಲೆ ಕೆಟ್ಟವನೆಂದು ಭಾವಿಸಿದರೆಂದೂ, ಅವನ ಬಳಿಗೆ ಬರುವ ರೋಗಿಗಳ ಸಂಖ್ಯೆ ಬಹಳ ಇಳಿಯಿತೆಂದೂ ಅವನನ್ನು ಬಲ್ಲ ಆಬ್ರಿ ಎಂಬಾತನು ಬರೆದಿಟ್ಟಿದ್ದಾನೆ. ಪ್ಯಾರಿಸಿನ ಪಂಡಿತರು ದಶಕಗಳವರೆಗೆ ಹಟ ಹಿಡಿದರು. 1673ರಲ್ಲಿ ಮೋಲಿಯೇರನು ತನ್ನ ಕೊನೆಯ ನಾಟಕದಲ್ಲಿ ಒಬ್ಬ ವೈದ್ಯನ ಬಾಯಲ್ಲಿ, ತನ್ನ ಮಗ ರಕ್ತಪರಿಚಲನೆಯಂಥ ಹೊಸ ಮಾತುಗಳಿಗೆ ಕಿವಿಗೊಡನೆಂದು ಹೆಮ್ಮೆಯಿಂದ ಹೇಳಿಸಿ ಪ್ರೇಕ್ಷಕರನ್ನು ನಗಿಸಿದನು. ಪಂಡಿತರ ಮೊಂಡುತನಕ್ಕೆ ವಾದಕ್ಕಿಂತ ನಗೆಯೇ ಕೆಲವೊಮ್ಮೆ ಹೆಚ್ಚು ಫಲಕಾರಿ.

ಹಾರ್ವೆ ಅರಸ ಒಂದನೆಯ ಚಾರಲ್ಸನ ವೈದ್ಯನೂ ಆಗಿದ್ದನು. ಐರ್ಲೆಂಡಿನ ಮಂಟ್ಗಮರಿ ಮನೆತನದ ಒಬ್ಬ ತರುಣನಿಗೆ ಬಾಲ್ಯದಲ್ಲಿ ಬಿದ್ದು ಎಡಪಕ್ಕೆ ಮುರಿದು, ಕೀವು ತುಂಬಿ, ಕೊನೆಗೆ ಎದೆಯಲ್ಲಿ ಒಂದು ದೊಡ್ಡ ರಂಧ್ರವೇ ಉಳಿದಿತ್ತು. ಆದರೂ ಅವನು ಆರೋಗ್ಯವಂತನಾಗಿ ದೇಶ ಸುತ್ತುತ್ತಿದ್ದನು. ಹಾರ್ವೆ ಆ ರಂಧ್ರದಲ್ಲಿ ಬೆರಳಿಟ್ಟು, ಬದುಕಿರುವ ಮನುಷ್ಯನ ಹೃದಯ ಬಡಿಯುವುದನ್ನು ಮುಟ್ಟಿ ನೋಡಿದನು, ಅರಸನಿಗೂ ತೋರಿಸಿದನು. ಹೃದಯವನ್ನು ಮುಟ್ಟಿದ್ದು ಆ ತರುಣನಿಗೆ ತಿಳಿಯಲೇ ಇಲ್ಲ. ಸಕಲ ನೋವು ನಲಿವುಗಳ ತವರೆಂದು ಕವಿಗಳು ಹೊಗಳಿದ ಅಂಗಕ್ಕೆ ಸ್ಪರ್ಶಜ್ಞಾನವೇ ಇಲ್ಲ!

ಹಾರ್ವೆಯ ವಾದದಲ್ಲಿ ಒಂದು ಕೊಂಡಿ ಮಾತ್ರ ತಪ್ಪಿತ್ತು. ಅಪಧಮನಿಯಿಂದ ಅಭಿಧಮನಿಗೆ ರಕ್ತ ಹೇಗೆ ದಾಟುತ್ತದೆಂಬುದನ್ನು ಅವನು ಕಾಣಲಿಲ್ಲ. 1657ರಲ್ಲಿ ಅವನು ತೀರಿಕೊಂಡನು. ನಾಲ್ಕು ವರ್ಷಗಳ ಅನಂತರ, 1661ರಲ್ಲಿ, ಇಟಲಿಯ ಮಾಲ್ಪೀಗಿ ಸೂಕ್ಷ್ಮದರ್ಶಕದ ಕೆಳಗೆ ಕಪ್ಪೆಯ ಶ್ವಾಸಕೋಶವನ್ನಿಟ್ಟು ಕೂದಲಿಗಿಂತ ಎಷ್ಟೋ ಪಾಲು ಸಣ್ಣದಾದ ಲೋಮನಾಳಗಳ ಬಲೆಯನ್ನು ಕಂಡನು. ಪ್ರದಕ್ಷಿಣೆ ಪೂರ್ಣವಾಯಿತು.

ಒಂದು ಹಿಡಿ ಮಾಂಸ

ಈಗ ಆ ಹೃದಯವನ್ನೇ ನೋಡೋಣ. ಗಾತ್ರದಲ್ಲಿ ಅವರವರ ಮುಷ್ಟಿಯಷ್ಟು. ತೂಕ ಸುಮಾರು 300 ಗ್ರಾಂ. ಒಳಗೆ ನಾಲ್ಕು ಕೋಣೆಗಳು: ಮೇಲೆ ಎರಡು ಹೃತ್ಕರ್ಣಗಳು, ಕೆಳಗೆ ಎರಡು ಹೃತ್ಕುಕ್ಷಿಗಳು. ಮೈಯಿಂದ ಮರಳಿದ ಕಪ್ಪುಗೆಂಪಿನ ರಕ್ತ ಬಲಭಾಗಕ್ಕೆ ಬಂದು ಅಲ್ಲಿಂದ ಶ್ವಾಸಕೋಶಗಳಿಗೆ ಹೋಗುತ್ತದೆ. ಅಲ್ಲಿ ಕೆಂಪೇರಿ ಎಡಭಾಗಕ್ಕೆ ಬಂದು ಮೈಗೆಲ್ಲ ಹರಡುತ್ತದೆ. ನೆರೆಮನೆಗೆ ಹೋಗುವುದಕ್ಕೂ ದೂರದ ಊರಿಗೆ ಹೋಗುವುದಕ್ಕೂ ಬೇಕಾದ ಬಲ ಒಂದೇ ಅಲ್ಲವಷ್ಟೆ. ಅದಕ್ಕಾಗಿಯೇ ಎಡ ಹೃತ್ಕುಕ್ಷಿಯ ಗೋಡೆ ಬಲದ್ದಕ್ಕಿಂತ ಬಹು ದಪ್ಪ. ವೈದ್ಯನ ಸ್ಟೆತೊಸ್ಕೋಪಿನಲ್ಲಿ ಕೇಳುವ ‘ಲಬ್-ಡಬ್’ ಸದ್ದು ಹೃದಯದ ಕವಾಟಗಳು ಮುಚ್ಚಿಕೊಳ್ಳುವಾಗಿನದು.

ನಿಮಿಷಕ್ಕೆ 72ರಂತೆ ದಿನಕ್ಕೆ ಲಕ್ಷಕ್ಕೂ ಮೀರಿದ ಬಡಿತಗಳು; ಬಡಿತಕ್ಕೆ ಸುಮಾರು 70 ಮಿಲಿಲೀಟರಿನಂತೆ ನಿಮಿಷಕ್ಕೆ ಐದು ಲೀಟರು ರಕ್ತ. ವಯಸ್ಕನ ದೇಹದ ರಕ್ತವೆಲ್ಲ ಸೇರಿದರೂ ಹೆಚ್ಚುಕಡಮೆ ಅಷ್ಟೆ. ಎಂದರೆ ಒಂದು ನಿಮಿಷಕ್ಕೆ ಒಂದು ಪ್ರದಕ್ಷಿಣೆ! ಹಾರ್ವೆಯ ಅರ್ಧ ಔನ್ಸ್ ಎಷ್ಟು ಜಿಪುಣತನದ ಅಂದಾಜೆಂಬುದು ಈಗ ತಿಳಿಯುತ್ತದೆ. ಹೃದಯ ಎಂದೂ ವಿಶ್ರಮಿಸದೆಂಬುದೂ ಪೂರ್ಣ ನಿಜವಲ್ಲ. ಒಂದು ಬಡಿತದ ಅವಧಿ ಸೆಕೆಂಡಿನ ಹತ್ತರಲ್ಲಿ ಎಂಟು ಪಾಲು. ಅದರಲ್ಲಿ ಹೃತ್ಕುಕ್ಷಿಗಳು ದುಡಿಯುವುದು ಮೂರು ಪಾಲು, ವಿರಮಿಸುವುದು ಐದು ಪಾಲು. ಗೃಹಿಣಿಯರಿಗೆ ಅಷ್ಟು ವಿಶ್ರಾಂತಿ ದೊರೆಯುವ ಮನೆಗಳು ವಿರಳ.

ಈ ಬಡಿತಕ್ಕೆ ಮಿದುಳಿನ ಅಪ್ಪಣೆ ಬೇಕಿಲ್ಲ. ಮೈಯಿಂದ ಬೇರ್ಪಡಿಸಿದ ಹಾವುಮೀನಿನ ಹೃದಯವೂ ಸ್ವಲ್ಪ ಹೊತ್ತು ಬಡಿಯುವುದನ್ನು ಹಾರ್ವೆಯೇ ಕಂಡಿದ್ದನು. ಬಲ ಹೃತ್ಕರ್ಣದ ಗೋಡೆಯಲ್ಲಿರುವ ಒಂದು ಪುಟ್ಟ ಗಂಟಿನಿಂದ ಬಡಿತದ ಪ್ರೇರಣೆ ಹೊರಡುತ್ತದೆಂದು ಕೀತ್ ಮತ್ತು ಫ್ಲ್ಯಾಕ್ ಎಂಬ ಇಬ್ಬರು 1907ರಲ್ಲಿ ತೋರಿಸಿದರು. ಮಿದುಳು ಮಾಡುವುದು ವೇಗವನ್ನು ಏರಿಳಿಸುವುದಷ್ಟೆ. ಕನ್ನಡವು ಧೈರ್ಯವಂತನನ್ನು ಎದೆಗಾರನೆಂದೂ ಅಂಜಿದವನನ್ನು ಎದೆಗುಂದಿದವನೆಂದೂ ಕರೆಯುತ್ತದೆ. ಮಮತೆಯನ್ನು ಮಾತ್ರ ಕರುಳಿಗೆ ಬಿಟ್ಟಿದೆ. ಭಯದಲ್ಲಿ ಎದೆ ಡವಡವಿಸುವುದನ್ನು ಬಲ್ಲ ಜನ ಕಟ್ಟಿದ ಮಾತುಗಳಿವು.

ರಕ್ತ ಶ್ವಾಸಕೋಶಕ್ಕೆ ಹೋಗುವುದಾದರೂ ಏಕೆ? 1669ರಲ್ಲಿ ರಿಚರ್ಡ್ ಲೋವರ್ ಎಂಬ ಆಂಗ್ಲ ವೈದ್ಯನು, ಕಪ್ಪುರಕ್ತ ಕೆಂಪಾಗುವುದು ಹೃದಯದಲ್ಲಲ್ಲ, ಶ್ವಾಸಕೋಶದಲ್ಲಿ ಗಾಳಿ ಸೋಕಿದುದರಿಂದ ಎಂದು ತೋರಿಸಿದನು. ಆ ಗಾಳಿಯ ಯಾವ ಅಂಶ ದೇಹದೊಳಗೆ ಮಂದವಾಗಿ ಉರಿಯುತ್ತದೆಂಬುದನ್ನು ತಿಳಿಸಿದವನು ಫ್ರಾನ್ಸಿನ ಲವಾಸಿಯೇ; ಅವನನ್ನು 1794ರಲ್ಲಿ ಕ್ರಾಂತಿಯ ಗಿಲೊಟಿನ್ ಬಲಿ ತೆಗೆದುಕೊಂಡಿತು. ಒಳಗೆಳೆದ ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕವಿದ್ದರೆ ಬಿಟ್ಟ ಉಸಿರಿನಲ್ಲಿ ಸುಮಾರು 16 ಪಾಲು. ಕೋಟ್ಯಂತರ ಗಾಳಿಗೂಡುಗಳ ತೆಳುಗೋಡೆಯಲ್ಲಿ ಈ ವಿನಿಮಯ ನಡೆಯುತ್ತದೆ.

ಇಷ್ಟೆಲ್ಲ ತಿಳಿದ ಮೇಲೆ ಚಿಕಿತ್ಸೆಯೂ ಬದಲಾಯಿತೆಂದು ಭಾವಿಸುವುದು ಸಹಜ. ಬದಲಾಗಲಿಲ್ಲ. ಜ್ವರ ಬಂದರೆ ನರ ಕೊಯ್ದು ರಕ್ತ ಹರಿಸುವುದು ಗೇಲನ್ನನ ಕಾಲದ ಪದ್ಧತಿ. ರಕ್ತ ದಿನವೂ ಹೊಸದಾಗಿ ಹುಟ್ಟಿ ಇಂಗಿಹೋಗುವುದಾದರೆ ಅದರಲ್ಲಿ ಒಂದಿಷ್ಟನ್ನು ಚೆಲ್ಲುವುದರಲ್ಲಿ ಅರ್ಥವಿದ್ದೀತು. ಇದ್ದಷ್ಟೇ ರಕ್ತ ಸುತ್ತುತ್ತಿರುವಾಗ ಅದು ಬಂಡವಾಳಕ್ಕೇ ಕೈಹಾಕಿದಂತೆ. ಆದರೆ ಹಾರ್ವೆ ತಾನೇ ಕೊನೆಯವರೆಗೂ ರೋಗಿಗಳ ರಕ್ತ ತೆಗೆಸುತ್ತಿದ್ದನು. 1799ರ ಡಿಸೆಂಬರಿನಲ್ಲಿ ಗಂಟಲು ಕಟ್ಟಿ ಮಲಗಿದ ಅಮೆರಿಕದ ಜಾರ್ಜ್ ವಾಷಿಂಗ್ಟನ್ನನ ಮೈಯಿಂದ ವೈದ್ಯರು ಒಂದೇ ದಿನದಲ್ಲಿ ಎರಡು ಲೀಟರಿಗೂ ಹೆಚ್ಚು ರಕ್ತ ಹರಿಸಿದರು. ಅಂದು ರಾತ್ರಿಯೇ ಅವನು ತೀರಿಕೊಂಡನು. ಪ್ಯಾರಿಸಿನ ಪಿಯೇರ್ ಲೂಯಿ ಎಂಬ ವೈದ್ಯನು ಶ್ವಾಸಕೋಶದ ಉರಿಯೂತದಿಂದ ನರಳುವವರಲ್ಲಿ ಯಾರಿಗೆ ಎಂದು ರಕ್ತ ತೆಗೆಯಲಾಯಿತು, ಯಾರು ಬದುಕಿದರು, ಯಾರು ಸತ್ತರು ಎಂದು ಒಬ್ಬೊಬ್ಬರನ್ನಾಗಿ ಎಣಿಸಿ, ಅದರಿಂದ ದೊರೆಯುವ ಲಾಭ ನಂಬಿದ್ದಕ್ಕಿಂತ ಬಹಳ ಅಲ್ಪವೆಂದು 1835ರಲ್ಲಿ ಪ್ರಕಟಿಸಿದನು. ಹಾರ್ವೆಯ ಪುಸ್ತಕಕ್ಕೆ ಆಗ ಇನ್ನೂರೇಳು ವರ್ಷ ತುಂಬಿತ್ತು.