ಮನಸ್ಸು ಓದುವ ಟೋಪಿ

ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಎದೆ ಡವಗುಟ್ಟುವುದು ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತು. ಆ ಕ್ಷಣ ಮಿದುಳಿನಲ್ಲಿ ಏನು ನಡೆಯುತ್ತದೆ? ಅದನ್ನು ಹೊರಗಿನಿಂದ ಅಳೆಯಬಹುದೇ?

1924ರಲ್ಲಿ ಜರ್ಮನಿಯ ಮನೋವೈದ್ಯ ಹಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ಮೊದಲು ದಾಖಲಿಸಿದರು. ಅದೇ ಇ.ಇ.ಜಿ. 1990ರ ದಶಕದಲ್ಲಿ ಬಂದ ಎಫ್.ಎಂ.ಆರ್.ಐ. ಮಿದುಳಿನ ಆಳದ ಚಟುವಟಿಕೆಯನ್ನೂ ಚಿತ್ರವಾಗಿ ತೋರಿಸಿತು. ಆದರೆ ಆ ಭಾರೀ ಅಯಸ್ಕಾಂತದೊಳಗೆ ಅಲುಗಾಡದೆ ಮಲಗಬೇಕು. ನಗುವ, ಮಾತಾಡುವ, ಓಡಾಡುವ ಮನುಷ್ಯನನ್ನು ಅಲ್ಲಿ ಪರೀಕ್ಷಿಸುವುದು ಕಷ್ಟ.

ಬೆಳಕಿನ ದಾರಿ

ಟಾರ್ಚಿಗೆ ಬೆರಳು ಅಡ್ಡ ಹಿಡಿದರೆ ತುದಿ ಕೆಂಪಗೆ ಹೊಳೆಯುತ್ತದಲ್ಲವೇ? ಕೆಂಪು ಮತ್ತು ಅದರಾಚೆಯ ಅವಕೆಂಪು ಬೆಳಕು ಚರ್ಮ, ಮೂಳೆಗಳನ್ನು ತುಸು ದಾಟಬಲ್ಲದು. ಇದರಿಂದ ಮಿದುಳಿನ ಆಮ್ಲಜನಕವನ್ನು ಗಮನಿಸಬಹುದೆಂದು 1977ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಫ್ರಾನ್ಸ್ ಯೋಬ್ಸಿಸ್ ತೋರಿಸಿದರು.

ಮಿದುಳಿನ ಒಂದು ಭಾಗ ದುಡಿಯತೊಡಗಿದಾಗ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿಯುತ್ತದೆ. ಆಮ್ಲಜನಕ ಹೊತ್ತ ಮತ್ತು ಹೊರದ ಹಿಮೋಗ್ಲೋಬಿನ್ ಬೆಳಕು ಹೀರುವ ಬಗೆ ಬೇರೆ ಬೇರೆ. ಟೋಪಿಯ ಒಂದು ಬಿಂದುವಿನಿಂದ ಬೆಳಕು ಬಿಟ್ಟು, ಸುಮಾರು 3 ಸೆಂ.ಮೀ. ದೂರದಲ್ಲಿ ಹೊರಬಂದದ್ದನ್ನು ಅಳೆದರೆ ಲೆಕ್ಕ ಸಿಗುತ್ತದೆ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರಿನ ಮೂಲತತ್ತ್ವವೂ ಇದೇ. ಎಫ್.ಎನ್.ಐ.ಆರ್.ಎಸ್. ಎಂಬ ಈ ವಿಧಾನದಿಂದ ತಾಯಿಯ ಮಡಿಲಲ್ಲಿರುವ ಕೂಸಿನ ಮಿದುಳನ್ನೂ ಪರೀಕ್ಷಿಸಬಹುದು.

ಅಳತೆಯ ಮಿತಿ

ಆದರೆ ಬೆಳಕು ಮಿದುಳಿನ ಹೊರಪದರವನ್ನಷ್ಟೇ ಮುಟ್ಟುತ್ತದೆ. ಭಯಕ್ಕೆ ಸಂಬಂಧಿಸಿದ, ಬಾದಾಮಿಯಾಕಾರದ ಅಮಿಗ್ಡಲ ಇರುವುದು ಆಳದಲ್ಲಿ. ಮೇಲಾಗಿ, ಹಣೆಯ ಹಿಂದಿನ ಭಾಗ ಲೆಕ್ಕ ಬಿಡಿಸುವಾಗಲೂ ಚುರುಕಾಗಬಹುದು, ಆತಂಕದಲ್ಲೂ ಚುರುಕಾಗಬಹುದು. ಯಂತ್ರ ಕೊಡುವುದು ರಕ್ತದ ಲೆಕ್ಕ. ‘ಹುಡುಗ ಹೆದರಿದ್ದಾನೆ’ ಎಂಬುದು ನಮ್ಮ ಊಹೆ.

ಊಹೆಯೇ ತೀರ್ಪಾದರೆ? 2019ರಲ್ಲಿ ಚೀನಾದ ಜಿನ್ಹುವಾದ ಪ್ರಾಥಮಿಕ ಶಾಲೆಯೊಂದರಲ್ಲಿ ಮಕ್ಕಳ ಹಣೆಗೆ ಇ.ಇ.ಜಿ. ಪಟ್ಟಿ ತೊಡಿಸಿ ಪಾಠದ ಮೇಲಿನ ಗಮನವನ್ನು ಅಳೆಯಲಾಯಿತು. ಜನ ಆಕ್ಷೇಪಿಸಿದ ಮೇಲೆ ಅದು ನಿಂತಿತು. ಶಾಲೆ, ಕಚೇರಿಗಳಲ್ಲಿ ಕೃತಕ ಬುದ್ಧಿಮತ್ತೆಯಿಂದ ಭಾವನೆಗಳನ್ನು ಊಹಿಸುವುದನ್ನು ಯುರೋಪಿನ ಒಕ್ಕೂಟ 2025ರ ಫೆಬ್ರುವರಿಯಿಂದ ನಿಷೇಧಿಸಿದೆ. ಚಿಕಿತ್ಸೆ ಮತ್ತು ಸುರಕ್ಷತೆಗೆ ಮಾತ್ರ ವಿನಾಯಿತಿ. ನಮ್ಮಲ್ಲಿ ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ, ಒಪ್ಪಿಗೆಯಿಲ್ಲದೆ ಆರೋಪಿಯ ಮಿದುಳು ಪರೀಕ್ಷೆ ಸಲ್ಲದೆಂದಿತು.

ಆರೋಪಿಗೇ ಈ ರಕ್ಷಣೆಯಿರುವಾಗ ಮಕ್ಕಳಿಗೆ ಬೇಡವೇ? ಏಕಾಗ್ರತೆಯ ಪಟ್ಟಿಯೆಂದು ಮಾರಲು ಬಂದವರನ್ನು ಪೋಷಕರು ಕೇಳಬೇಕು: ಇದು ಅಳೆಯುವುದು ಏನನ್ನು? ದಾಖಲೆ ಯಾರ ಕೈಸೇರುತ್ತದೆ? ಉತ್ತರ ಸಿಗದಿದ್ದರೆ, ಟೋಪಿ ಬೀಳುವುದು ಮಗುವಿನ ತಲೆಗಷ್ಟೇ ಅಲ್ಲ.