ಆರ್ಡಿನರಿಯಲ್ಲಿ ಸೊನ್ನೆ, ವಜ್ರದಲ್ಲಿ ದುಡ್ಡು: ಬಸ್ ಹತ್ತಿ ಕಲಿಯೋಣ ಮೆಥಡ್ ಓವರ್‌ರೈಡಿಂಗ್

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ವಿಜಯನಗರದ ಬಸ್ ನಿಲ್ದಾಣದಲ್ಲಿ ನಿಂತಿದ್ದೀರಿ ಅಂದ್ಕೊಳ್ಳಿ. ಮೊದಲು ಬಂದದ್ದು ಬಿಎಂಟಿಸಿಯ ಸಾಮಾನ್ಯ ಬಸ್. ಹತ್ತಿದ ಹುಡುಗಿ ಆಧಾರ್ ತೋರಿಸ್ತಾಳೆ, ಕಂಡಕ್ಟರ್ ಮಷೀನ್‌ನಿಂದ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಡ್ತಾರೆ. ಮರುದಿನ ಅದೇ ಹುಡುಗಿ ಎಸಿ ಇರೋ ವಜ್ರ ಹತ್ತಿ, ಅದೇ ಆಧಾರ್ ತೋರಿಸಿದ್ರೆ? "ಇದು ವಜ್ರ ಕಣಮ್ಮ, ಇದ್ರಲ್ಲಿ ಫ್ರೀ ಇಲ್ಲ. ದುಡ್ಡು ಕೊಡಮ್ಮ."

ಹುಡುಗಿ ಅವಳೇ. ಕೇಳಿದ್ದೂ ಅದೇ: "ಒಂದು ಟಿಕೆಟ್". ಉತ್ತರ ಮಾತ್ರ ಬೇರೆ, ಯಾಕಂದ್ರೆ ಬಸ್ ಬೇರೆ. ಇವತ್ತಿನ ವಿಷಯ ಇಷ್ಟೇ. ಇದನ್ನೇ ಕಾಲೇಜಿನಲ್ಲಿ ಇನ್‌ಹೆರಿಟೆನ್ಸ್, ಮೆಥಡ್ ಓವರ್‌ರೈಡಿಂಗ್ ಅಂತ ಹೆಸರಿಟ್ಟು ಹೆದರಿಸ್ತಾರೆ.

ವಿಟಿಯುನಲ್ಲಿ ಮೂರನೇ ಸೆಮಿಸ್ಟರ್ ಜಾವಾ ಲ್ಯಾಬ್ ಮಾಡಿದವರಿಗೆ ಗೊತ್ತಿರುತ್ತೆ. ಶೇಪ್ ಅಂತ ಒಂದು ಕ್ಲಾಸ್, ಅದಕ್ಕೆ ಸರ್ಕಲ್, ಟ್ರಯಾಂಗಲ್, ಸ್ಕ್ವೇರ್ ಅಂತ ಮೂರು ಸಬ್‌ಕ್ಲಾಸ್, ಪ್ರತಿಯೊಂದರಲ್ಲೂ ಡ್ರಾ ಮತ್ತು ಎರೇಸ್. ಪ್ರೋಗ್ರಾಮ್ ತಪ್ಪೇನಿಲ್ಲ. ಆದ್ರೆ ಅದನ್ನ ಬಾಯಿಪಾಠ ಮಾಡೋದು ತುಂಬಾ ಸುಲಭ, ಅದೇ ತೊಂದರೆ. "ಡ್ರಾಯಿಂಗ್ ಸರ್ಕಲ್" ಅಂತ ಪ್ರಿಂಟ್ ಆದ್ರೆ ಸಾಕು, ಮಾರ್ಕ್ಸ್ ಬಂತು. ಅಲ್ಲಿ ತಪ್ಪಾದ್ರೆ ಯಾರಿಗೂ ನಷ್ಟ ಇಲ್ಲ, ಹಾಗಾಗಿ ತಪ್ಪು ಯಾಕೆ ತಪ್ಪು ಅನ್ನೋದೂ ತಲೆಗೆ ಹೋಗಲ್ಲ. ವೈವಾದಲ್ಲಿ "ಪೇರೆಂಟ್ ಟೈಪ್‌ನ ವೇರಿಯಬಲ್‌ನಲ್ಲಿ ಚೈಲ್ಡ್ ಆಬ್ಜೆಕ್ಟ್ ಇಟ್ರೆ ಯಾವ ಮೆಥಡ್ ಓಡುತ್ತೆ?" ಅಂತ ಕೇಳಿದಾಗ ಗಂಟಲು ಒಣಗೋದು ಅದಕ್ಕೇ. ಬಸ್ಸಿನಲ್ಲಿ ಹಾಗಲ್ಲ. ಲೆಕ್ಕ ತಪ್ಪಿದ್ರೆ ಒಬ್ಬರ ಕೈಯಿಂದ ದುಡ್ಡು ಹೋಗುತ್ತೆ.

ಮೊದಲು ನಿಯಮ ನೋಡೋಣ. ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. ಕರ್ನಾಟಕದ ಮಹಿಳೆಯರಿಗೆ ಸಾಮಾನ್ಯ ಬಸ್‌ಗಳಲ್ಲಿ ಪ್ರಯಾಣ ಉಚಿತ. ವಜ್ರ, ವಿಮಾನ ನಿಲ್ದಾಣದ ವಾಯು ವಜ್ರ, ಐರಾವತ ಇಂಥವಕ್ಕೆ ಅನ್ವಯ ಆಗಲ್ಲ. ಇದರಲ್ಲಿ ಬಹಳ ಜನ ಗಮನಿಸದ ಒಂದು ಅಂಶ ಇದೆ. ಉಚಿತ ಅಂದ್ರೆ ಟಿಕೆಟ್ಟೇ ಇಲ್ಲ ಅಂತಲ್ಲ. ಸೊನ್ನೆ ರೂಪಾಯಿಯ ಟಿಕೆಟ್ ಕೊಡಲೇಬೇಕು. ಮಹಿಳೆಯರು ಎಷ್ಟು ದೂರ ಪ್ರಯಾಣ ಮಾಡಿದ್ರು ಅನ್ನೋ ಲೆಕ್ಕದ ಮೇಲೆ ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡಬೇಕು, ಆ ಲೆಕ್ಕ ಸಿಗೋದು ಟಿಕೆಟ್‌ನಿಂದ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಕೋಡ್. ಆಡಿಯೋದಲ್ಲಿ ಬಾಯಲ್ಲೇ ಹೇಳ್ತೀನಿ, ನೀವು ಮೊಬೈಲ್ ಬ್ರೌಸರ್‌ನಲ್ಲಿ ಯಾವುದಾದ್ರೂ ಆನ್‌ಲೈನ್ ಜಾವಾ ಕಂಪೈಲರ್ ತೆಗೆದು ಟೈಪ್ ಮಾಡ್ಕೊಳ್ಳಿ. (ಜಾವಾದಲ್ಲಿ ಕ್ಲಾಸ್ ಹೆಸರನ್ನ ಕನ್ನಡ ಅಕ್ಷರದಲ್ಲೇ ಇಡಬಹುದು, ನಿಜವಾಗಿಯೂ ಓಡುತ್ತೆ. ಆದ್ರೆ ಫೋನ್‌ನಲ್ಲಿ ಸಾಲಿಗೆ ನಾಲ್ಕು ಸಲ ಕೀಬೋರ್ಡ್ ಬದಲಾಯಿಸೋ ತಾಪತ್ರಯ ಬೇಡ ಅಂದ್ರೆ ಇಂಗ್ಲಿಷಲ್ಲೇ ಬರೀರಿ.) ಇದು ಕಂಡಕ್ಟರ್ ಮಷೀನ್‌ನ ಒಳಗಿರೋ ಕೋಡ್ ಅಲ್ಲ, ನಮ್ಮ ಅಭ್ಯಾಸದ ಮಾದರಿ. ದರವೂ ನಿಜದ್ದಲ್ಲ, ಬಿಎಂಟಿಸಿಯದು ಸ್ಟೇಜ್ ಲೆಕ್ಕ, ನಾವು ಸುಲಭಕ್ಕೆ ಕಿಲೋಮೀಟರ್‌ಗೆ 2 ರೂಪಾಯಿ ಅಂತಿಟ್ಕೊಳ್ಳೋಣ.

ಮೂಲ ಕ್ಲಾಸ್ ಹೆಸರು ಬಸ್. ಅದರಲ್ಲಿ ಎರಡು ಮೆಥಡ್. ಒಂದು, ದರ: ದೂರ ಕೊಟ್ರೆ ಅದನ್ನ 2ರಿಂದ ಗುಣಿಸಿ ವಾಪಸ್ ಕೊಡುತ್ತೆ. ಇನ್ನೊಂದು, ಟಿಕೆಟ್: ಪ್ರಯಾಣಿಕ ಯಾರು, ದೂರ ಎಷ್ಟು ಅಂತ ತಗೊಂಡು, ದರ ಮೆಥಡ್ ಕರೆದು, ಒಂದು ಟಿಕೆಟ್ ಆಬ್ಜೆಕ್ಟ್ ಮಾಡಿ ಕೊಡುತ್ತೆ. ಆ ಟಿಕೆಟ್‌ನಲ್ಲಿ ಎರಡು ಅಂಕಿ ಇರುತ್ತೆ: ಮೂಲ ದರ ಮತ್ತು ಪ್ರಯಾಣಿಕರು ಕೊಡಬೇಕಾದ ಹಣ. ಬಸ್ ಕ್ಲಾಸ್‌ನಲ್ಲಿ ಎರಡೂ ಒಂದೇ.

ಎರಡನೆಯದು, ವಜ್ರ. ಕ್ಲಾಸ್ ವಜ್ರ ಎಕ್ಸ್‌ಟೆಂಡ್ಸ್ ಬಸ್. ಇದರೊಳಗೆ ದರ ಮೆಥಡ್ ಒಂದನ್ನೇ ಮತ್ತೆ ಬರೀರಿ, 2ರ ಬದಲು 4ರಿಂದ ಗುಣಿಸಿ. ಟಿಕೆಟ್ ಮೆಥಡ್ ಮುಟ್ಟಲೇಬೇಡಿ, ಅದು ಬಸ್‌ನಿಂದ ತಾನಾಗೇ ಬರುತ್ತೆ.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಟಿಕೆಟ್ ಮೆಥಡ್ ಬರೆದಿರೋದು ಬಸ್ ಕ್ಲಾಸ್‌ನಲ್ಲಿ. ಅದು ಒಳಗೆ ದರ ಅನ್ನೋ ಮೆಥಡ್ ಕರೆಯುತ್ತೆ. ಹಾಗಾದ್ರೆ ವಜ್ರ ಆಬ್ಜೆಕ್ಟ್ ಮೇಲೆ ಟಿಕೆಟ್ ಕೇಳಿದ್ರೆ ಯಾವ ದರ ಓಡುತ್ತೆ? ಬಸ್‌ನದೋ, ವಜ್ರದ್ದೋ? ಓಡಿಸಿ ನೋಡೋ ಮೊದಲು ಊಹಿಸಿ, ಬೇಕಿದ್ರೆ ಆಡಿಯೋ ನಿಲ್ಲಿಸಿ. 10 ಕಿಲೋಮೀಟರ್‌ಗೆ ಬರೋದು 40 ರೂಪಾಯಿ, ಅಂದ್ರೆ ವಜ್ರದ್ದು. ಅಪ್ಪನ ಮನೆಯಲ್ಲಿ ಬರೆದಿಟ್ಟ ಕೋಡು ಮಗನ ಮೆಥಡ್ ಕರೀತು. ಬಸ್ ಕ್ಲಾಸ್ ಬರೆದ ದಿನ ವಜ್ರ ಅನ್ನೋ ಕ್ಲಾಸ್ ಇರಲೇ ಇಲ್ಲ, ಆದ್ರೂ ಕರೀತು. ಯಾವ ಮೆಥಡ್ ಅನ್ನೋದನ್ನ ತೀರ್ಮಾನಿಸೋದು ಕೋಡ್ ಎಲ್ಲಿ ಬರೆದಿದೆ ಅನ್ನೋದಲ್ಲ, ಮುಂದೆ ನಿಂತಿರೋ ಆಬ್ಜೆಕ್ಟ್ ಯಾವುದು ಅನ್ನೋದು. ವೈವಾ ಪ್ರಶ್ನೆಗೂ ಉತ್ತರ ಇದೇ.

ಈ ಯೋಚನೆ ಹೊಸದೇನಲ್ಲ. 1960ರ ದಶಕದಲ್ಲಿ ನಾರ್ವೆಯ ಓಸ್ಲೋದಲ್ಲಿ ಒಲೆ-ಯೋಹಾನ್ ದಾಲ್ ಮತ್ತು ಕ್ರಿಸ್ಟೆನ್ ನ್ಯೂಗಾರ್ಡ್ ಅನ್ನೋ ಇಬ್ಬರು ಸಿಮುಲಾ ಅನ್ನೋ ಭಾಷೆ ಮಾಡಿದ್ರು. ಹೊರಗಿನ ಜಗತ್ತಿನ ವ್ಯವಸ್ಥೆಗಳನ್ನ ಕಂಪ್ಯೂಟರ್‌ನಲ್ಲಿ ಅನುಕರಿಸಿ ನೋಡೋಕೆ ಹುಟ್ಟಿದ ಭಾಷೆ ಅದು. ಕ್ಲಾಸ್, ಸಬ್‌ಕ್ಲಾಸ್, ವರ್ಚುವಲ್ ಅನ್ನೋ ಮಾತುಗಳು ಸಿಮುಲಾ 67ರಲ್ಲೇ ಬಂದವು. ಸಿ ಪ್ಲಸ್ ಪ್ಲಸ್‌ನಲ್ಲಿ ಇವತ್ತಿಗೂ ವರ್ಚುವಲ್ ಅಂತ ಬರೆಯದಿದ್ರೆ ಪೇರೆಂಟ್ ಪಾಯಿಂಟರ್ ಮೂಲಕ ಕರೆದಾಗ ಪೇರೆಂಟ್ ಮೆಥಡ್ಡೇ ಓಡುತ್ತೆ. ಜಾವಾದಲ್ಲಿ ಅದು ಬರೀಬೇಕಾಗಿಲ್ಲ.

ಮೂರನೆಯದು, ಸಾಮಾನ್ಯ ಬಸ್. ಇದೂ ಬಸ್ ಅನ್ನೇ ಎಕ್ಸ್‌ಟೆಂಡ್ ಮಾಡುತ್ತೆ. ಇಲ್ಲಿ ದರ ಬದಲಾಗಲ್ಲ, ಟಿಕೆಟ್ ಬದಲಾಗುತ್ತೆ. ಮೊದಲ ಸಲ ಬರೆಯೋರು ಹೀಗೆ ಬರೀತಾರೆ: ಪ್ರಯಾಣಿಕರು ಶಕ್ತಿಗೆ ಅರ್ಹರಾದ್ರೆ ರಿಟರ್ನ್ ನಲ್. ಫ್ರೀ ತಾನೇ, ಟಿಕೆಟ್ ಯಾಕೆ ಅಂತ. ಕಂಪೈಲ್ ಆಗುತ್ತೆ. ಆದ್ರೆ ದಿನದ ಕೊನೆಗೆ ಎಲ್ಲ ಟಿಕೆಟ್‌ಗಳ ಹಣ ಕೂಡಿಸೋ ಕೋಡ್ ಓಡಿದಾಗ, ಮೊದಲ ಮಹಿಳಾ ಪ್ರಯಾಣಿಕರ ಹತ್ರ ಬಂದ ಕೂಡಲೇ ನಲ್ ಪಾಯಿಂಟರ್ ಎಕ್ಸೆಪ್ಷನ್, ಪ್ರೋಗ್ರಾಮ್ ಬಿತ್ತು. ಬೀಳದಂತೆ ತೇಪೆ ಹಾಕಿದ್ರೂ ಸರ್ಕಾರದಿಂದ ಬರಬೇಕಾದ ಹಣದ ಲೆಕ್ಕ ಮಾಯ.

ಸರಿಯಾದ ದಾರಿ ಇದು. ಮೊದಲ ಸಾಲಿನಲ್ಲಿ ಸೂಪರ್ ಡಾಟ್ ಟಿಕೆಟ್ ಅಂತ ಕರೆದು, ಅಪ್ಪನ ಕೈಲೇ ಪೂರ್ತಿ ಟಿಕೆಟ್ ಮಾಡಿಸ್ಕೊಳ್ಳಿ. ಅದರಲ್ಲಿ ಮೂಲ ದರ 20 ಅಂತ ಕೂತಿರುತ್ತೆ. ಅರ್ಹರಾದ್ರೆ ಕೊಡಬೇಕಾದ ಹಣ ಮಾತ್ರ 0 ಮಾಡಿ, ಅದೇ ಟಿಕೆಟ್ ವಾಪಸ್ ಕೊಡಿ. ಪ್ರಯಾಣಿಕರಿಗೆ ಸೊನ್ನೆ, ಸರ್ಕಾರದ ಲೆಕ್ಕಕ್ಕೆ 20. ಓವರ್‌ರೈಡ್ ಅಂದ್ರೆ ಅಪ್ಪನ ಕೆಲಸ ಅಳಿಸಿಹಾಕೋದು ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಒಮ್ಮೊಮ್ಮೆ ಹೌದು, ಆದ್ರೆ ಹೆಚ್ಚಿನ ಸಲ ಅಪ್ಪನ ಕೆಲಸ ಮಾಡಿಸಿ, ಕೊನೆಗೆ ನಮ್ಮದೊಂದು ತಿದ್ದುಪಡಿ ಸೇರಿಸೋದು.

ಬಸ್ ಕ್ಲಾಸ್ "ಟಿಕೆಟ್ ಕೇಳಿದ್ರೆ ಟಿಕೆಟ್ ಕೊಡ್ತೀನಿ" ಅಂತ ಮಾತು ಕೊಟ್ಟಿದೆ. ಅದರ ಹೆಸರು ಹೇಳ್ಕೊಂಡು ಬರೋ ಮಕ್ಕಳೂ ಆ ಮಾತು ಉಳಿಸಬೇಕು. ಎಷ್ಟು ಅನ್ನೋದನ್ನ ಬದಲಾಯಿಸಬಹುದು, ಕೊಡೋದೇ ಇಲ್ಲ ಅನ್ನೋ ಹಾಗಿಲ್ಲ. ಅಮೆರಿಕದ ಬಾರ್ಬರಾ ಲಿಸ್ಕೊವ್ 1987ರ ಒಂದು ಭಾಷಣದಲ್ಲಿ ಈ ವಿಚಾರ ಮುಂದಿಟ್ಟರು, ಆಮೇಲೆ ಅದು ಅವರ ಹೆಸರಿನಿಂದಲೇ ಲಿಸ್ಕೊವ್ ತತ್ವ ಅಂತ ಪ್ರಸಿದ್ಧವಾಯ್ತು. ಇಂಟರ್ವ್ಯೂನಲ್ಲಿ ಕೇಳಿದ್ರೆ ಸೊನ್ನೆ ಟಿಕೆಟ್ ಕಥೆ ಹೇಳಿ.

ಈಗ ಬಸ್ ಟೈಪ್‌ನ ಒಂದು ಅರೇ ಮಾಡಿ, ಒಳಗೆ ಒಂದು ಸಾಮಾನ್ಯ, ಒಂದು ವಜ್ರ ಇಡಿ. ಲೂಪ್ ಹಾಕಿ ಪ್ರತಿ ಬಸ್‌ಗೂ ಟಿಕೆಟ್ ಕೇಳಿ, ದೂರ 10. ಶಕ್ತಿಗೆ ಅರ್ಹರಾದ ಪ್ರಯಾಣಿಕರಿಗೆ 0 ಮತ್ತು 40 ಬರಬೇಕು. ಅರ್ಹರಲ್ಲದವರಿಗೆ 20 ಮತ್ತು 40. ಲೂಪ್‌ನಲ್ಲಿ "ಇದು ವಜ್ರನಾ?" ಅಂತ ಒಂದು ಇಫ್ ಕೂಡ ಇಲ್ಲ, ನೋಡಿ. ನಾಳೆ ನಾಲ್ಕನೇ ತರಹದ ಬಸ್ ಬಂದ್ರೆ ಹೊಸ ಕ್ಲಾಸ್ ಬರೀತೀರಿ, ಲೂಪ್ ಹಾಗೇ ಇರುತ್ತೆ.

ಇನ್ನು ನಾನು ನಿಜವಾಗಿ ಹೇಳಬೇಕು ಅಂದ್ಕೊಂಡಿದ್ದ ವಿಷಯ: ಸದ್ದಿಲ್ಲದ ತಪ್ಪು. ಬಸ್ ಕ್ಲಾಸ್‌ನಲ್ಲಿ ದೂರ ಇಂಟ್ ಅಂತ ಬರೆದಿದ್ದೀರಿ. ಸಾಮಾನ್ಯ ಕ್ಲಾಸ್ ಬರೆಯುವಾಗ, ದೂರ ಹತ್ತೂವರೆ ಕಿಲೋಮೀಟರ್ ಕೂಡ ಇರಬಹುದಲ್ವಾ ಅಂತ ಡಬಲ್ ಅಂತ ಬರೆದ್ರಿ. ಬೇಕಂತಲೇ ಹಾಗೆ ಬದಲಾಯಿಸಿ, ಒಳಗೆ ಸೂಪರ್ ಡಾಟ್ ಟಿಕೆಟ್ ಕರೆಯೋ ಸಾಲಿನಲ್ಲಿ ದೂರವನ್ನ ಇಂಟ್‌ಗೆ ಕಾಸ್ಟ್ ಮಾಡಿ ಓಡಿಸಿ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಆದ್ರೆ ಅರೇ ಲೂಪ್‌ನಲ್ಲಿ ಅರ್ಹ ಮಹಿಳೆಗೆ 0 ಬದಲು 20 ರೂಪಾಯಿ!

ಆದದ್ದೇನು? ನೀವು ಓವರ್‌ರೈಡ್ ಮಾಡಿಲ್ಲ, ಓವರ್‌ಲೋಡ್ ಮಾಡಿದ್ದೀರಿ. ಹೆಸರು ಒಂದೇ ಆದ್ರೂ ಪ್ಯಾರಾಮೀಟರ್ ಟೈಪ್ ಬೇರೆ ಆದ್ದರಿಂದ ಜಾವಾಗೆ ಅವು ಎರಡು ಬೇರೆ ಮೆಥಡ್. ಬಸ್‌ನ ಹಳೇ ಟಿಕೆಟ್ ಮೆಥಡ್ ಹಾಗೇ ಜೀವಂತ ಇದೆ, ಓಡ್ತಿರೋದು ಅದೇ. ಇನ್ನೂ ಮೋಸ ಏನಂದ್ರೆ, ಸಾಮಾನ್ಯ ಟೈಪ್‌ನ ವೇರಿಯಬಲ್ ಇಟ್ಕೊಂಡು 10.5 ಕೊಟ್ಟು ಟೆಸ್ಟ್ ಮಾಡಿದ್ರೆ ಸರಿಯಾಗಿ 0 ಬರುತ್ತೆ! ನಾವು ಕೆಲಸ ಮುಗೀತು ಅಂತ ಲ್ಯಾಪ್‌ಟಾಪ್ ಮುಚ್ತೀವಿ. ಬಸ್ಸಿನಲ್ಲಿ ಮಾತ್ರ ಯಾರೋ ಒಬ್ಬರು "ಫ್ರೀ ಅಂದ್ರಲ್ಲ ಸಾರ್?" ಅಂತ ಕಂಡಕ್ಟರ್ ಜೊತೆ ಜಗಳ ಆಡ್ತಿರ್ತಾರೆ. ಕಂಡಕ್ಟರ್ ತಪ್ಪೂ ಅಲ್ಲ, ಅವರ ತಪ್ಪೂ ಅಲ್ಲ.

ಇದಕ್ಕೆ ಮದ್ದು ಒಂದೇ ಸಾಲು. ಮೆಥಡ್‌ನ ಮೇಲೆ ಆಟ್ ಓವರ್‌ರೈಡ್ ಅಂತ ಬರೀರಿ. 2004ರಲ್ಲಿ ಜಾವಾ 5ರ ಜೊತೆ ಬಂದದ್ದು. "ನಾನು ಅಪ್ಪನ ಮೆಥಡ್ ಬದಲಾಯಿಸ್ತಿದ್ದೀನಿ, ಅಲ್ಲಿ ಅಂಥದ್ದು ಇಲ್ಲದಿದ್ರೆ ಈಗಲೇ ಹೇಳು" ಅಂತ ಕಂಪೈಲರ್‌ಗೆ ಹೇಳಿದ ಹಾಗೆ. ಡಬಲ್ ಬರೆದಿದ್ರೆ ಅಲ್ಲೇ ಎರರ್. ಬರೀದಿದ್ರೂ ಕೋಡ್ ಓಡುತ್ತೆ ಅಂತ ಅದನ್ನ ಅಲಂಕಾರ ಅಂದ್ಕೊಂಡು ಬಿಡೋರಿದ್ದಾರೆ. ನನ್ನ ಪ್ರಕಾರ ಅದನ್ನ ಬಿಟ್ಟ ಲ್ಯಾಬ್ ಪ್ರೋಗ್ರಾಮ್‌ಗೆ ಅರ್ಧ ಮಾರ್ಕ್ ಕಡಿಮೆ ಕೊಡಬೇಕು. ಪೈಥಾನ್ ಬರೆಯೋರಿಗೆ ಟೈಪ್‌ನ ಈ ಕಾಟ ಇಲ್ಲ. ಅಲ್ಲಿ ಹೆಸರು ಒಂದೇ ಇದ್ರೆ ಓವರ್‌ರೈಡ್ ಆಯ್ತು ಅಂತಲೇ. ಆದ್ರೆ ಸ್ಪೆಲಿಂಗ್ ಒಂದಕ್ಷರ ತಪ್ಪಿದ್ರೆ ಇದೇ ಗತಿ. 2023ರ ಪೈಥಾನ್ 3.12ರಲ್ಲಿ ಅವರಿಗೂ ಓವರ್‌ರೈಡ್ ಅನ್ನೋ ಗುರುತು ಬಂದಿದೆ. ಅದನ್ನ ನೋಡೋದು ಟೈಪ್ ಚೆಕರ್, ಪೈಥಾನ್ ತಾನಾಗೇ ತಡೆಯಲ್ಲ.

ವೈವಾಗೆ ಇನ್ನೆರಡು ಮಾತು ಬೇಗ ಹೇಳಿಬಿಡ್ತೀನಿ. ಸ್ಟ್ಯಾಟಿಕ್ ಮೆಥಡ್, ಪ್ರೈವೇಟ್ ಮೆಥಡ್ ಓವರ್‌ರೈಡ್ ಆಗಲ್ಲ. ವೇರಿಯಬಲ್ ಕೂಡ ಆಗಲ್ಲ. ಎರಡೂ ಕ್ಲಾಸ್‌ನಲ್ಲಿ ಒಂದೇ ಹೆಸರಿನ ವೇರಿಯಬಲ್ ಇದ್ರೆ, ಬಸ್ ಟೈಪ್ ಮೂಲಕ ನೋಡಿದಾಗ ಬಸ್‌ನದೇ ಕಾಣುತ್ತೆ.

ಕೊನೆಗೆ ಮನೆಕೆಲಸ, ಈ ಸಲ ಮೆಟ್ರೋದಲ್ಲಿ. ರಾಜಾಜಿನಗರದವರು ಹಸಿರು ಮಾರ್ಗದಲ್ಲಿ, ವಿಜಯನಗರ, ಕೆಂಗೇರಿಯವರು ನೇರಳೆ ಮಾರ್ಗದಲ್ಲಿ ಕೂತೇ ಮಾಡಬಹುದು. ಸ್ಮಾರ್ಟ್ ಕಾರ್ಡ್‌ಗೆ 5 ಪರ್ಸೆಂಟ್ ರಿಯಾಯಿತಿ ಇದೆ. 2025ರ ಫೆಬ್ರವರಿಯಲ್ಲಿ ದರ ಏರಿದಾಗ, ಜನಸಂದಣಿ ಇಲ್ಲದ ಹೊತ್ತಿನಲ್ಲಿ ಕಾರ್ಡ್‌ಗೆ ಇನ್ನೂ 5 ಪರ್ಸೆಂಟ್ ಅಂತ ಸೇರಿಸಿದ್ರು. ಟೋಕನ್ ದರ 40 ರೂಪಾಯಿ ಅಂತಿಟ್ಕೊಳ್ಳಿ. ಪಾಸ್ ಅನ್ನೋ ಮೂಲ ಕ್ಲಾಸ್, ಅದರಿಂದ ಟೋಕನ್, ಸ್ಮಾರ್ಟ್ ಕಾರ್ಡ್. ಕಾರ್ಡ್‌ನ ದರ ಮೆಥಡ್ ಸೂಪರ್ ಕರೆದು 5 ಪರ್ಸೆಂಟ್ ಕಳೆದ್ರೆ 38. ಇಲ್ಲಿವರೆಗೂ ಸುಲಭ.

ಈಗ ಕೈ ತುರಿಸುತ್ತೆ: ಸ್ಮಾರ್ಟ್ ಕಾರ್ಡ್‌ಗೆ "ಆಫ್ ಪೀಕ್ ಕಾರ್ಡ್" ಅಂತ ಇನ್ನೊಂದು ಮಗು ಮಾಡಿ, ಮತ್ತೆ ಸೂಪರ್ ಕರೆದು ಇನ್ನೊಂದು 5 ಪರ್ಸೆಂಟ್ ಕಳೆಯೋಣ ಅಂತ. ಹಾಗೆ ಮಾಡಿದ್ರೆ 38ರ ಮೇಲೆ 5 ಪರ್ಸೆಂಟ್ ಹೋಗಿ 36 ರೂಪಾಯಿ 10 ಪೈಸೆ ಬರುತ್ತೆ. 40ರ ಮೇಲೆ ಒಟ್ಟು 10 ಪರ್ಸೆಂಟ್ ಅಂದ್ರೆ 36. ಹತ್ತು ಪೈಸೆ ವ್ಯತ್ಯಾಸ. "ಇನ್ನೂ 5" ಅನ್ನೋ ಮಾತನ್ನ ಎರಡೂ ರೀತಿ ಓದಬಹುದು, ಆದ್ದರಿಂದ ಕೋಡ್ ಬರೆಯೋ ಮೊದಲು ನಿಯಮ ಬರೆದವರನ್ನ ಕೇಳಬೇಕು.

ಅದಕ್ಕಿಂತ ದೊಡ್ಡ ಪ್ರಶ್ನೆ ಇದೆ. ಬೆಳಿಗ್ಗೆ ಒಂಬತ್ತಕ್ಕೆ ಕಿಕ್ಕಿರಿದ ರೈಲು ಹತ್ತೋದೂ ಅದೇ ಕಾರ್ಡ್, ಮಧ್ಯಾಹ್ನ ಖಾಲಿ ರೈಲು ಹತ್ತೋದೂ ಅದೇ ಕಾರ್ಡ್. ಒಂದೇ ಆಬ್ಜೆಕ್ಟ್ ಹೊತ್ತಿಗೊಂದು ಕ್ಲಾಸ್ ಆಗೋಕೆ ಸಾಧ್ಯನಾ? ಇಲ್ಲ. ಹೊತ್ತು ಅನ್ನೋದು ಕಾರ್ಡ್‌ನ ಜಾತಿಯಲ್ಲ, ದರ ಮೆಥಡ್‌ಗೆ ಕೊಡಬೇಕಾದ ಮಾಹಿತಿ. ಅದಕ್ಕೇ ಬಸ್ಸಿನಲ್ಲೂ "ಮಹಿಳಾ ಟಿಕೆಟ್ ಬಸ್" ಅಂತ ಕ್ಲಾಸ್ ಮಾಡದೆ ಪ್ರಯಾಣಿಕರನ್ನ ಪ್ಯಾರಾಮೀಟರ್ ಆಗಿ ಕೊಟ್ಟದ್ದು. ಈ ತಪ್ಪು ಮಾಡಿದವರಲ್ಲಿ ನೀವೇ ಮೊದಲಿಗರೇನಲ್ಲ. ಜಾವಾ ಮಾಡಿದವರೇ ಸ್ಟ್ಯಾಕ್ ಕ್ಲಾಸ್ ಅನ್ನ ವೆಕ್ಟರ್‌ನ ಮಗು ಮಾಡಿದ್ರು. ಮೇಲಿಂದ ಮಾತ್ರ ಇಡಬೇಕು, ಮೇಲಿಂದಲೇ ತೆಗೀಬೇಕು ಅನ್ನೋ ಸ್ಟ್ಯಾಕ್‌ಗೆ, ಮಧ್ಯದಲ್ಲಿ ತುರುಕೋ ವೆಕ್ಟರ್‌ನ ಮೆಥಡ್‌ಗಳೂ ಬಂದು ಸೇರ್ಕೊಂಡ್ವು. ಹಳೇ ಕೋಡ್ ಒಡೆಯುತ್ತೆ ಅಂತ ಇವತ್ತಿಗೂ ತೆಗೆಯೋಕಾಗಿಲ್ಲ.

ಸರಿ, ದರ ಮೆಥಡ್‌ಗೆ ಹೊತ್ತು ಅನ್ನೋ ಪ್ಯಾರಾಮೀಟರ್ ಸೇರಿಸಿ ಬರೀರಿ. ಸೇರಿಸೋದಾದ್ರೆ ಪಾಸ್, ಟೋಕನ್, ಕಾರ್ಡ್ ಮೂರರಲ್ಲೂ ಸೇರಿಸಬೇಕು, ಒಂದರಲ್ಲಿ ಮರೆತ್ರೆ ಏನಾಗುತ್ತೆ ಅಂತ ಈಗ ನಿಮಗೆ ಗೊತ್ತು. ಆಟ್ ಓವರ್‌ರೈಡ್ ಹಾಕಿ ಒಮ್ಮೆ, ತೆಗೆದು ಒಮ್ಮೆ ಓಡಿಸಿ ನೋಡಿ. ಮುಂದಿನ ಸಂಚಿಕೆಯಲ್ಲಿ ಇಂಟರ್‌ಫೇಸ್.